ಗೋಲು ಹೊಡೆದವನ ಬೆರಳು

2020ರ ಅಕ್ಟೋಬರ್ 12, ಸೋಮವಾರ. ನಾನಾಗ ಬಿಸಿಲೆಯಲ್ಲಿದ್ದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂದಾಗ ನಾಲ್ಕು ಜೊತೆ ಬಟ್ಟೆ, ಒಂದು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವನು ಏಳು ತಿಂಗಳಾದರೂ ಬೆಂಗಳೂರಿಗೆ ವಾಪಸ್ ಹೋಗಿರಲಿಲ್ಲ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಅನ್ನೋದು ದೂರದ ನೆಂಟರ ಹಾಗೆ. ಬಂದರೆ ಬಂತು, ಕರೆದರೆ ಬರೋದಿಲ್ಲ. ಹಾಗಾಗಿ ಮನೆ ಹಿಂದಿನ ಗುಡ್ಡದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗೋ ಜಾಗ ಹುಡುಕಿ, ನಾಲ್ಕು ಗೂಟ ನೆಟ್ಟು ಟಾರ್ಪಾಲು ಕಟ್ಟಿಕೊಂಡಿದ್ದೆ. ಅದೇ ನನ್ನ ಆಫೀಸು. ಇಂಬಳ ಹತ್ತದಿರಲಿ ಅಂತ ಕಾಲಿಗೆ ಸುಣ್ಣ ಹಚ್ಚಿಕೊಂಡು, ಎದುರಿಗೆ ಕುಮಾರಪರ್ವತ ಮಂಜಿನಲ್ಲಿ ಮುಳುಗಿ ಏಳೋದನ್ನ ನೋಡ್ತಾ, ಕ್ಲೈಂಟ್ ಜೊತೆ ಮಾತಾಡುತ್ತಿದ್ದೆ. ಮೀಟಿಂಗಿನ ಮಧ್ಯೆ ಜೀರುಂಡೆ ಕೂಗಿದರೆ ಆ ಕಡೆಯವರು 'ನಿಮ್ಮ ಲೈನ್ ಯಾಕೋ ಸರಿ ಇಲ್ಲ' ಅನ್ನುತ್ತಿದ್ದರು.

ಆವತ್ತು ಮಾಡಬೇಕಿದ್ದ ಕೆಲಸ ಒಂದೇ. ನನ್ನ ಟೀಮಿನ ಆರು ಜನರ ಅಪ್ರೈಸಲ್ ಫಾರ್ಮು ತುಂಬೋದು. ಶುಕ್ರವಾರ ಕೊನೇ ದಿನ. ಐದು ಜನರದ್ದು ಮುಗಿದಿತ್ತು. ಆರನೆಯವನ ಫಾರ್ಮು ತೆರೆದು ಅರ್ಧ ಗಂಟೆಯಿಂದ ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಆಫೀಸಿನ ಫುಟ್‌ಬಾಲ್ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು. ಕಾರ್ಲ್ಟನ್ ಚಾಪ್ಮನ್ ಹೋದರು, ಬೆಂಗಳೂರಿನಲ್ಲಿ, ಹೃದಯಾಘಾತ, 49 ವರ್ಷ. ಹಿಂದೆಯೇ ಕೈಮುಗಿದ ಚಿಹ್ನೆಗಳ ಸಾಲು. ಅವುಗಳ ಮಧ್ಯೆ ಒಬ್ಬ ಹುಡುಗ ಕೇಳಿದ್ದ: 'ಯಾರಿದು?'

ನಾನು ನಕ್ಕೆ. ನಕ್ಕ ಮೇಲೆ ಗೊತ್ತಾಯಿತು, ನನಗೂ ಸರಿಯಾಗಿ ಗೊತ್ತಿಲ್ಲ ಅಂತ. ಹೆಸರು ಕೇಳಿದ್ದೆ, ಅಷ್ಟೇ. ನಮ್ಮ ಊರಿನ ಹುಡುಗರಿಗೆ ಆಟ ಅಂದರೆ ಕ್ರಿಕೆಟ್, ವಾಲಿಬಾಲ್, ಮಳೆಗಾಲದಲ್ಲಿ ಕೆಸರುಗದ್ದೆಯ ಓಟ. ಫುಟ್‌ಬಾಲ್ ನನಗೆ ಅಂಟಿದ್ದು ಹಾಸನದಲ್ಲಿ ಬಿಇ ಓದುವಾಗ, ಹಾಸ್ಟೆಲಿನ ಕೇರಳದ ಹುಡುಗರಿಂದ. ಅವರಿಂದ ಕಲಿತಿದ್ದೂ ಬ್ರೆಜಿಲ್, ಅರ್ಜೆಂಟೀನಾ, ಮ್ಯಾಂಚೆಸ್ಟರ್. ಬೆಂಗಳೂರಲ್ಲೇ ಹುಟ್ಟಿ ಭಾರತ ತಂಡದ ನಾಯಕನಾದ ಒಬ್ಬ ಆಟಗಾರ ಇದ್ದಾನೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಫಾರ್ಮು ಬದಿಗಿಟ್ಟು ಓದುತ್ತಾ ಕೂತೆ.

ಚಾಪ್ಮನ್ ಹುಟ್ಟಿದ್ದು 1971ರಲ್ಲಿ. ಬೆಂಗಳೂರಿನಲ್ಲಿ ಆಟ ಕಲಿತು, 1990ರ ಹೊತ್ತಿಗೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ ತಂಡ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿತು, ಅದರಲ್ಲಿ ಚಾಪ್ಮನ್ ಅವರದೇ ಮೂರು ಗೋಲು. ಆಮೇಲೆ ಪಂಜಾಬಿನ ಫಗ್ವಾಡಾದ ಜೆಸಿಟಿ. ಅಲ್ಲಿ ಮುಂದುಗಡೆ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ, ಅವರ ಹಿಂದೆ ನಡುವಿನಲ್ಲಿ ಚಾಪ್ಮನ್. 1996-97ರಲ್ಲಿ ಮೊದಲ ಸಲ ನಡೆದ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದದ್ದು ಜೆಸಿಟಿ. ನಂತರ ಸ್ವಲ್ಪ ಕಾಲ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಾಗ ಅವರೇ ನಾಯಕ. 2001ರಲ್ಲಿ ಆಟ ನಿಲ್ಲಿಸಿದರು. ಆಮೇಲೆ ಕೋಚ್ ಆಗಿ ಹುಡುಗರಿಗೆ ಕಲಿಸಿದರು, ಮೊದಲಿಗೆ ತಾವು ಕಲಿತ ಅದೇ ಟಾಟಾ ಅಕಾಡೆಮಿಯಲ್ಲಿ.

ಇಷ್ಟೆಲ್ಲ ಓದಿದ ಮೇಲೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ವಿಜಯನ್ ಹೆಸರು ನನಗೆ ಗೊತ್ತಿತ್ತು. ಭುಟಿಯಾ ಹೆಸರಂತೂ ಫುಟ್‌ಬಾಲ್ ನೋಡದ ನಮ್ಮ ಚಿಕ್ಕಪ್ಪನಿಗೂ ಗೊತ್ತು. ಅದೇ ತಂಡ, ಅದೇ ಲೀಗು, ಅದೇ ಕಪ್ಪು. ಮೂರನೆಯವರ ಹೆಸರು ಅವರದೇ ಊರಿನಲ್ಲಿ ಕೆಲಸ ಮಾಡೋ ಹುಡುಗರು 'ಯಾರಿದು' ಅಂತ ಕೇಳೋ ಹಾಗೆ ಯಾಕಾಯಿತು?

ಉತ್ತರ ಸುಲಭ. ಭುಟಿಯಾ ಆ ಮೊದಲ ಲೀಗಿನಲ್ಲಿ 14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಗೋಲಿಗೆ ಲೆಕ್ಕ ಇದೆ. ಚೆಂಡನ್ನು ಎದುರಾಳಿಯ ಕಾಲಿಂದ ಬಿಡಿಸಿ, ಒಂದು ಕ್ಷಣ ತಲೆ ಎತ್ತಿ ನೋಡಿ, ಭುಟಿಯಾ ಓಡಿ ತಲುಪಬೇಕಾದ ಜಾಗಕ್ಕೆ ಮೊದಲೇ ಚೆಂಡು ಕಳಿಸೋದಿದೆಯಲ್ಲ, ಅದಕ್ಕೆ ಲೆಕ್ಕ ಇಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥ ಆಗೋಲ್ಲ. ಕ್ರಿಕೆಟ್ ಸ್ಕೋರ್‌ಕಾರ್ಡು ನಮ್ಮ ಶ್ಯಾನುಭೋಗರ ಪುಸ್ತಕ ಇದ್ದ ಹಾಗೆ, ಲೆಗ್ ಬೈ ಸಮೇತ ಬರೆದಿಟ್ಟಿರುತ್ತೆ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷ ಇಪ್ಪತ್ತೆರಡು ಜನ ಓಡಿ ಬೆವರು ಸುರಿಸಿದ ಮೇಲೆ ಪೇಪರಿನಲ್ಲಿ ಬರೋದು ಒಂದೇ ಸಾಲು: ಇಷ್ಟನೇ ನಿಮಿಷದಲ್ಲಿ ಇಂಥವರು ಗೋಲು ಹೊಡೆದರು. ಈಗೀಗ ಅಸಿಸ್ಟ್ ಅಂತ ಗೋಲಿಗೆ ಮುಂಚಿನ ಪಾಸಿಗೂ ಲೆಕ್ಕ ಇಡ್ತಾರೆ. ಆದರೆ ಅದಕ್ಕೂ ಮುಂಚಿನ ಪಾಸು? ಆಟದ ದಿಕ್ಕನ್ನೇ ತಿರುಗಿಸಿದ್ದು ಅದೇ ಆಗಿದ್ದರೂ ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕೆಂಪಯ್ಯ ಸಿಗ್ತಾರೆ. ಹೆಸರು ಕೇಳಿದರೆ ನಮ್ಮ ಆಲೂರಿನ ಸಂತೆಯಲ್ಲಿ ಎದುರಾಗೋ ಯಾರೋ ಹಿರಿಯರು ಅನ್ನಿಸುತ್ತೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಹಾಫ್ ಬ್ಯಾಕ್ ಆಗಿ ಆಡಿದವರು ಅವರು. ಆ ಕಾಲದ ಹಾಫ್ ಬ್ಯಾಕ್ ಅಂದರೆ ಹೆಚ್ಚುಕಮ್ಮಿ ಇವತ್ತಿನ ಮಿಡ್‌ಫೀಲ್ಡರ್. ಮೆಲ್ಬರ್ನ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು, ಕೊನೆಗೆ ನಾಲ್ಕನೇ ಸ್ಥಾನಕ್ಕೆ ನಿಂತಿತು. ಆ ಪಂದ್ಯ ಅಂದರೆ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಅಂತ ಕ್ವಿಜ್ ಆಡೋರೆಲ್ಲ ಥಟ್ಟನೆ ಹೇಳ್ತಾರೆ. ಅವತ್ತು ನಡುವಿನಲ್ಲಿ ನಿಂತಿದ್ದ ಕೆಂಪಯ್ಯನವರ ಬಗ್ಗೆ ಯಾವ ಕ್ವಿಜ್ಜಿನಲ್ಲೂ ನಾನು ಪ್ರಶ್ನೆ ಕೇಳಿಲ್ಲ.

ಈಗ ಪಕ್ಕಕ್ಕಿಟ್ಟ ಆ ಆರನೇ ಫಾರ್ಮಿಗೆ ಬರ್ತೀನಿ. ಈ ಬರಹ ಇರೋದೇ ಅದಕ್ಕೆ.

ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು. ಆ ವರ್ಷ ನಮ್ಮ ಟೀಮು ಒಂದು ಹಳೇ ಬಿಲ್ಲಿಂಗ್ ವ್ಯವಸ್ಥೆಯ ಅಷ್ಟೂ ಡೇಟಾವನ್ನು ಹೊಸ ಕಡೆಗೆ ಸಾಗಿಸಬೇಕಿತ್ತು. ಜುಲೈನ ಒಂದು ವಾರಾಂತ್ಯ, ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆ ಒಳಗೆ ಮುಗೀಬೇಕು. ಮುಗೀತು, ಒಂದು ನಿಮಿಷವೂ ತೊಂದರೆ ಆಗದೆ ಮುಗೀತು. ಸೋಮವಾರದ ಮೀಟಿಂಗಿನಲ್ಲಿ ದೊಡ್ಡವರೆಲ್ಲ ನನ್ನ ಹೆಸರು ಹಿಡಿದು ಚಪ್ಪಾಳೆ ತಟ್ಟಿದರು. ಪ್ಲಾನು ನನ್ನದು, ಸ್ಲೈಡು ನನ್ನದು, ಕ್ಲೈಂಟ್ ಜೊತೆ ಮಾತಾಡಿದ್ದೂ ನಾನೇ.

ಯಾಕೆ ತೊಂದರೆ ಆಗಲಿಲ್ಲ ಅಂತ ನನಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಜೂನ್ ತಿಂಗಳಿಡೀ ರಾತ್ರಿ ಕೂತು ನಾಲ್ಕು ಸಲ ರಿಹರ್ಸಲ್ ಮಾಡಿದ್ದ. ಮಾಡು ಅಂತ ನಾನು ಹೇಳಿದ್ದು ಒಂದೇ ಸಲಕ್ಕೆ. ಮೂರನೇ ಸಲದ ರಿಹರ್ಸಲ್‌ನಲ್ಲಿ ತಾರೀಖುಗಳ ತಪ್ಪೊಂದು ಸಿಕ್ಕಿತು. ಹಳೇ ವ್ಯವಸ್ಥೆಯಲ್ಲಿ ತಿಂಗಳು ಮೊದಲು ಬರೀತಿದ್ದರು, ಹೊಸದರಲ್ಲಿ ದಿನ ಮೊದಲು. ಮಾರ್ಚ್ 5 ಹೋಗಿ ಮೇ 3 ಆಗಿಬಿಡುತ್ತಿತ್ತು. ಎರಡೂ ಸರಿಯಾದ ತಾರೀಖೇ ಆದ್ದರಿಂದ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುತ್ತಿರಲಿಲ್ಲ. ಸಾವಿರಾರು ಜನರಿಗೆ ತಪ್ಪು ಬಿಲ್ಲು ಹೋದ ಮೇಲೆ ಗೊತ್ತಾಗುತ್ತಿತ್ತು. ಅವನು ಅದನ್ನ ಸದ್ದಿಲ್ಲದೆ ಸರಿ ಮಾಡಿದ. ಏನಾದರೂ ಕೆಟ್ಟರೆ ಹಿಂದಕ್ಕೆ ಬರೋಕೆ ಬೇಕಾದ ಸ್ಕ್ರಿಪ್ಟುಗಳನ್ನೂ ಬರೆದಿಟ್ಟ. ಏನೂ ಕೆಡಲಿಲ್ಲ, ಹಾಗಾಗಿ ಅವನ್ನ ಯಾರೂ ಓಡಿಸಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ದಿನಾ ಸಂಜೆ ಕೂತು ಹೇಳಿಕೊಟ್ಟಿದ್ದೂ ಅವನೇ.

ಅವನ ಫಾರ್ಮಿನಲ್ಲಿ 'ಈ ವರ್ಷದ ನಿಮ್ಮ ಸಾಧನೆಗಳು' ಅನ್ನೋ ಜಾಗದಲ್ಲಿ ಮೂರು ಸಾಲಿತ್ತು. ಮೊದಲನೇ ಸಾಲು: ಟೀಮಿನ ಕೆಲಸಗಳಲ್ಲಿ ಸಹಾಯ ಮಾಡಿದ್ದೇನೆ. ಇನ್ನೊಬ್ಬ ಅದೇ ಜಾಗಕ್ಕೆ ಎರಡು ಪುಟ ಬರೆದಿದ್ದ, ಗ್ರಾಫ್ ಸಮೇತ.

ಆರು ಜನರಿಗೂ ಒಳ್ಳೇ ರೇಟಿಂಗ್ ಕೊಡೋ ಹಾಗಿರಲಿಲ್ಲ. ಒಬ್ಬರಿಗೆ ಮೇಲಿನದು, ಒಬ್ಬರಿಗೆ ಕೆಳಗಿನದು, ಮಿಕ್ಕವರಿಗೆ ನಡುವಿನದು ಅಂತ ಲೆಕ್ಕ. ಕೇಳಿದರೆ ತೋರಿಸೋಕೆ ಆಧಾರ ಬೇಕು. ಎರಡು ಪುಟದವನ ಹತ್ತಿರ ಆಧಾರ ಇತ್ತು. ನಾನು ಇವನಿಗೆ ನಡುವಿನದು ಕೊಟ್ಟೆ. ಚಾಪ್ಮನ್ ಬಗ್ಗೆ ಗಂಟೆಗಟ್ಟಲೆ ಓದಿ, ಇವರಿಗೆ ಅನ್ಯಾಯ ಆಯಿತಲ್ಲ ಅಂತ ಮರುಗಿ, ಅದೇ ಸಂಜೆ ಅದೇ ಟಾರ್ಪಾಲಿನ ಕೆಳಗೆ ಕೂತು ಕೊಟ್ಟೆ. ಎರಡಕ್ಕೂ ಸಂಬಂಧ ಇದೆ ಅಂತ ಆವತ್ತು ಹೊಳೆಯಲೇ ಇಲ್ಲ ಅಂದರೆ ನಂಬ್ತೀರಾ? ಹೊಳೆದಿತ್ತು. ಹೊಳೆದೂ ಕೊಟ್ಟೆ. ಯಾಕಂದರೆ ನನ್ನದೂ ಒಂದು ಫಾರ್ಮಿತ್ತು, ನನ್ನ ಮ್ಯಾನೇಜರ್ ಹತ್ತಿರ. ಅದರಲ್ಲಿ ಆ ಜುಲೈನ ಕೆಲಸವನ್ನು 'ನಾನು' ಅಂತ ಶುರು ಮಾಡಿ ಬರೆದಿದ್ದೆ. ಆ ಸಲ ನನ್ನ ಪ್ರಮೋಷನ್ ಮಾತು ನಡೀತಿತ್ತು. ಒಂದೇ ಗೋಲಿಗೆ ಎರಡು ಹೆಸರು ಬರೆದರೆ ನನ್ನ ಹೆಸರು ಸಣ್ಣದಾಗುತ್ತೆ ಅನ್ನೋ ಹೆದರಿಕೆ.

ರೇಟಿಂಗ್ ಗೊತ್ತಾದ ದಿನ ಅವನು ಫೋನ್ ಮಾಡಿದ. ಜಗಳ ಆಡಲಿಲ್ಲ. 'ಎಲ್ಲಿ ಕಡಿಮೆ ಮಾಡಿದೆ ಅಂತ ಹೇಳಿಬಿಡಿ, ಮುಂದಿನ ಸಲ ಸರಿ ಮಾಡ್ಕೋತೀನಿ' ಅಂದ. ಕಡಿಮೆ ಮಾಡಿದ್ದು ಏನೂ ಇರಲಿಲ್ಲವಲ್ಲ, ಹೇಳೋದೇನು? ನಾನು ಎಲ್ಲರೂ ಹೇಳೋದನ್ನೇ ಹೇಳಿದೆ. 'ನೀನು ಕೆಲಸ ಮಾಡ್ತಾ ಹೋಗು ಮಾರಾಯ, ಫಲ ತಾನಾಗೇ ಬರುತ್ತೆ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಯಿತು ಅಂದುಕೊಂಡೆ. ಆಮೇಲೆ ಅಂದ: 'ಫಲ ಬರುತ್ತೆ ಬಿಡಿ. ಯಾರಿಗೆ ಅನ್ನೋದಷ್ಟೇ.'

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಲ್ಲಿಂದ ಮುಂದೆ ನಾನು ಯೋಚನೆ ಮಾಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಕಾಣದ ಕೆಲಸ ಮಾಡುವವರಿಗೆ ನಮ್ಮ ಲೋಕ ಎರಡು ಬುದ್ಧಿಮಾತು ಹೇಳುತ್ತೆ. ಒಂದು ಆಫೀಸಿನದು: ನಿನ್ನ ಕೆಲಸ ಕಾಣೋ ಹಾಗೆ ಮಾಡು, ನಿನ್ನ ಬಗ್ಗೆ ನೀನೇ ಹೇಳ್ಕೋ, ಹೇಳ್ಕೊಳ್ಳೋಕೆ ಬರದಿದ್ದರೆ ಅದು ನಿನ್ನ ತಪ್ಪು. ಇನ್ನೊಂದು ಮನೆ, ಮಠ, ಮೇಷ್ಟ್ರುಗಳದ್ದು: ಫಲದ ಆಸೆ ಬಿಟ್ಟು ಮಾಡು, ಅದೇ ದೊಡ್ಡ ಗುಣ. ನೋಡೋಕೆ ಒಂದು ಉತ್ತರ, ಒಂದು ದಕ್ಷಿಣ. ಆದರೆ ಎರಡೂ ಒಂದು ವಿಷಯದಲ್ಲಿ ಒಂದೇ. ಹೊರೆ ಹೊರಬೇಕಾದವನು ಕೆಲಸ ಮಾಡಿದವನೇ. ಒಂದೋ ಅವನು ಕೂಗಬೇಕು, ಇಲ್ಲಾ ಅವನು ಸುಮ್ಮನಿರಬೇಕು. ಆ ಕೆಲಸದಿಂದ ಲಾಭ ಪಡೆದವನಿಗೆ ಯಾವ ಬುದ್ಧಿಮಾತೂ ಇಲ್ಲ.

ಫಲದ ಆಸೆ ಬಿಡೋದು ದೊಡ್ಡದಲ್ಲ ಅಂತ ನಾನು ಹೇಳ್ತಿಲ್ಲ. ಮೆಕ್ಸಿಕೋದ ಆಂಡ್ರೆಸ್ ಗ್ವಾರ್ದಾದೊ ಅನ್ನೋ ಆಟಗಾರ ನನಗೆ ಇಷ್ಟ. ಈಗ ಆಟ ಬಿಟ್ಟಿದ್ದಾನೆ. 2006ರಿಂದ 2022ರವರೆಗೆ ಐದು ವಿಶ್ವಕಪ್ ಆಡಿದವನು. ಶುರುವಿನಲ್ಲಿ ಎಡ ಅಂಚಿನಲ್ಲಿ ಓಡ್ತಿದ್ದ. ಜನ ಎದ್ದು ನಿಂತು ಕೂಗೋ ಜಾಗ ಅದು. ಹಾಲೆಂಡಿನ ಪಿಎಸ್‌ವಿ ತಂಡಕ್ಕೆ ಹೋದಾಗ ಕೋಚ್ ಫಿಲಿಪ್ ಕೋಕು ಅವನನ್ನು ನಡುವಿಗೆ ತಂದ. ಓಟ ಕಡಿಮೆ, ಯೋಚನೆ ಹೆಚ್ಚು, ಹೆಸರು ಇನ್ನೂ ಕಡಿಮೆ. ಆ ತಂಡ 2014-15ರಲ್ಲೂ ಮರುವರ್ಷವೂ ಲೀಗ್ ಗೆದ್ದಿತು. ದೇಶಕ್ಕೆ ಆಡುವಾಗ ಮಾತ್ರ ಫಲ ಬರಲೇ ಇಲ್ಲ. ಅವನ ಮೊದಲ ನಾಲ್ಕು ವಿಶ್ವಕಪ್‌ನಲ್ಲೂ ಮೆಕ್ಸಿಕೋ ಸೋತಿದ್ದು ಹದಿನಾರರ ಘಟ್ಟದಲ್ಲೇ, ಐದನೆಯದರಲ್ಲಿ ಗುಂಪಿನ ಹಂತ ದಾಟಲಿಲ್ಲ. ಆದರೂ ಮತ್ತೆ ಮತ್ತೆ ಬಂದು ಆಡಿದ. ಇದು ಅವನ ದೊಡ್ಡತನ. ನಡುವಿನಲ್ಲಿ ನಿಲ್ಲೋದನ್ನ ಒಪ್ಪಿಕೊಂಡವನು ಅವನು. ಚಾಪ್ಮನ್ ಕೂಡ ಗೋಲು ಹೊಡೆಯೋಕೆ ಬರದೆ ನಡುವೆ ನಿಂತವರಲ್ಲ. ಬಂದರೆ ಹೇಗಿರುತ್ತೆ ಅಂತ ಅಲ್ ಜವ್ರಾ ತಂಡಕ್ಕೆ ಗೊತ್ತು.

ಆಸೆ ಬಿಡೋದು ಬಿಡೋನ ಗುಣ. ಅದನ್ನ ಅವನು ತನಗೆ ತಾನೇ ಹೇಳ್ಕೊಂಡರೆ ತಪಸ್ಸು. ಅವನ ಫಲ ತಿಂದವನು ಅವನಿಗೆ ಹೇಳಿದರೆ ಕಳ್ಳತನ. ನಾನು ಫೋನಿನಲ್ಲಿ ಮಾಡಿದ್ದು ಇದೇ. ಅವನ ಪಾಲಿನ ಫಲ ನನ್ನ ಜೇಬಿನಲ್ಲಿಟ್ಟುಕೊಂಡು, ಆಸೆ ಪಡಬೇಡ ಅಂತ ಅವನಿಗೇ ಉಪದೇಶ ಮಾಡಿದೆ.

ಈ ಮಾತನ್ನ ಒಬ್ಬ ಗೆಳತಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. ಅವಳೂ ನಮ್ಮ ಹಾಗೇ ಟೀಮು ನಡೆಸೋಳು. 'ಎಣಿಸೋಕೆ ಬರೋದನ್ನ ಬಿಟ್ಟು ಬೇರೆ ಏನನ್ನ ನೋಡಿದರೂ ಕೊನೆಗೆ ಗೆಲ್ಲೋರು ಮ್ಯಾನೇಜರ್ ಜೊತೆ ಟೀ ಕುಡಿಯೋರು ಕಣೋ. ನಿನ್ನನ್ನ ಬಿಸಿಲೆಯಿಂದ ಹೊರಗೆ ತಂದಿದ್ದು ಏನು ಹೇಳು' ಅಂದಳು.

ನನಗೆ ಮಾತು ಬರಲಿಲ್ಲ. ನನ್ನನ್ನ ಹೊರಗೆ ತಂದಿದ್ದು ಒಂದು ನಂಬರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಜೋಡಿಸೋಕೆ ಬೆವರುತ್ತಿದ್ದೆ. ಸಿಇಟಿ ರ್‍ಯಾಂಕು ನನ್ನ ಬಟ್ಟೆ ನೋಡಲಿಲ್ಲ, ಉಚ್ಚಾರಣೆ ಕೇಳಲಿಲ್ಲ, ನಮ್ಮಪ್ಪ ಯಾರು ಅಂತ ವಿಚಾರಿಸಲಿಲ್ಲ. ಅವತ್ತು ಸೀಟು ಕೊಡೋರು ನನ್ನನ್ನ ಕರೆದು ಕೂರಿಸಿ 'ಮಾತಾಡು ನೋಡೋಣ' ಅಂದಿದ್ದರೆ ನಾನು ಇವತ್ತಿಗೂ ಏಲಕ್ಕಿ ಒಣಗಿಸ್ತಾ ಇರ್ತಿದ್ದೆ. ಎಣಿಕೆಗೆ ನಾನು ಋಣಿ. ಎಣಿಕೆ ಬೇಡ ಅನ್ನೋಕೆ ನನಗೆ ಬಾಯಿಲ್ಲ.

ಹಾಗಾದರೆ ಹಳೇ ಕಾಲವೇ ಸರಿಯಾಗಿತ್ತಾ, ಹಳ್ಳಿಯಲ್ಲಿ ಎಲ್ಲರ ಕೆಲಸವೂ ಎಲ್ಲರಿಗೂ ಗೊತ್ತಿರ್ತಿತ್ತಲ್ಲ ಅಂತ ನೀವು ಕೇಳಬಹುದು. ಅದನ್ನೂ ಹೇಳ್ತೀನಿ.

ನಾನು ಚಿಕ್ಕವನಿದ್ದಾಗ ನಮ್ಮ ಶುಂಠಿ ಹೊಲದ ಬಸಿಗಾಲುವೆ ತೆಗೆಯೋಕೆ ಒಬ್ಬ ಅಜ್ಜ ಬರುತ್ತಿದ್ದರು. ಮೇ ತಿಂಗಳ ಕೊನೆಗೆ ಬಂದು, ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅಂತ ಬರಿಗಣ್ಣಲ್ಲೇ ಅಳೆದು, ಕಾಲುವೆ ಹೊಡೆದು ಹೋಗೋರು. ಜೂನಿನಿಂದ ಆಗಸ್ಟಿನವರೆಗೆ ನಮ್ಮಲ್ಲಿ ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ. ಆದರೂ ಹೊಲದಲ್ಲಿ ನೀರು ನಿಲ್ಲುತ್ತಿರಲಿಲ್ಲ. ಒಂದು ವರ್ಷ ಅವರಿಗೆ ಹುಷಾರಿಲ್ಲದೆ ಬರಲಿಲ್ಲ. ನಾವೇ ಏನೋ ಒಂದು ಕಾಲುವೆ ತೆಗೆದೆವು. ಜುಲೈ ಕಳೆಯೋದರೊಳಗೆ ಶುಂಠಿ ಗೆಡ್ಡೆ ಕೊಳೆತು ವಾಸನೆ ಹೊಡೆಯಿತು. ಅವರ ಕೆಲಸ ಕಣ್ಣಿಗೆ ಕಂಡಿದ್ದು ಅವರು ಬರದ ವರ್ಷ ಮಾತ್ರ. ಆದರೆ ಆಮೇಲೆ ಅಪ್ಪ ಅದನ್ನ ಮರೆಯಲಿಲ್ಲ. ಪ್ರತೀ ಸುಗ್ಗಿಯಲ್ಲೂ ಮೊದಲ ಮೊರ ಭತ್ತ ಅವರ ಮನೆಗೆ ಹೋಗ್ತಿತ್ತು. ಹಿಂದೆ ಕಣದಲ್ಲೇ ಕಮ್ಮಾರ, ಕುಂಬಾರ, ಕ್ಷೌರಿಕ ಅಂತ ಆಯಗಾರರಿಗೆ ಪಾಲು ತೆಗೆದಿಟ್ಟು ಆಮೇಲೆ ಉಳಿದಿದ್ದನ್ನ ಮನೆಗೆ ತರೋ ಪದ್ಧತಿ ಇತ್ತಲ್ಲ, ಅದರ ಬಾಲ ಅದು.

ಕೇಳೋಕೆ ಚೆಂದ. ಆದರೆ ಕಥೆ ಅಲ್ಲಿಗೆ ನಿಲ್ಲಿಸಿದರೆ ಸುಳ್ಳಾಗುತ್ತೆ. ಆ ಅಜ್ಜನಿಗೆ ಭತ್ತ ಹೋಗ್ತಿತ್ತು, ಅವರು ನಮ್ಮ ಮನೆಗೆ ಬಂದಾಗ ಜಗಲಿಯ ಕೆಳಗೆ ನಿಲ್ಲೋರು. ಅವರಿಗೆ ಕಾಫಿ ಬೇರೆ ಲೋಟದಲ್ಲಿ. ಊರು ಕೆಲಸವನ್ನ ನೋಡ್ತಿತ್ತು, ಮನುಷ್ಯನನ್ನ ನೋಡ್ತಿರಲಿಲ್ಲ. ಆಫೀಸು ತಿರುಗಾಮುರುಗಾ. ಮನುಷ್ಯನನ್ನ ನೋಡುತ್ತೆ, ಹುಟ್ಟುಹಬ್ಬಕ್ಕೆ ಕೇಕು ತರುತ್ತೆ, ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತೆ. ಕೆಲಸವನ್ನ ಮಾತ್ರ ಫಾರ್ಮಿನಲ್ಲಿ ಬರೆದಷ್ಟೇ ನೋಡುತ್ತೆ. ಹಾಗಾಗಿ ವಾಪಸ್ ಹೋಗೋಕೆ ನನಗೆ ಯಾವ ಸುವರ್ಣಕಾಲವೂ ಇಲ್ಲ.

ಎಣಿಕೆಯನ್ನ ಬಿಡೋ ಹಾಗಿಲ್ಲ, ಎಣಿಕೆಯನ್ನೇ ನಂಬೋ ಹಾಗೂ ಇಲ್ಲ. ಮತ್ತೆ ದಾರಿ ಯಾವುದು? ನನಗೆ ಕಂಡ ಉತ್ತರ ಇಷ್ಟೇ: ಸಾಕ್ಷಿ. ಎಣಿಕೆಗೆ ಸಿಗದ ಕೆಲಸಕ್ಕೂ ಒಬ್ಬ ಸಾಕ್ಷಿ ಇದ್ದೇ ಇರ್ತಾನೆ. ಪಾಸು ಯಾರಿಂದ ಬಂತು ಅಂತ ಸ್ಟೇಡಿಯಮ್ಮಿಗೆ ಗೊತ್ತಾಗದೆ ಇರಬಹುದು, ಪೇಪರಿನವರಿಗೆ ಗೊತ್ತಾಗದೆ ಇರಬಹುದು. ಗೋಲು ಹೊಡೆದವನಿಗೆ ಗೊತ್ತಿರುತ್ತೆ. ಚೆಂಡು ಅವನ ಕಾಲಿಗೇ ಬಂದಿದ್ದು. ಗೋಲಾದ ಮೇಲೆ ಕೆಲವು ಆಟಗಾರರು ಜನರ ಕಡೆ ಓಡದೆ, ಹಿಂದಕ್ಕೆ ತಿರುಗಿ, ಪಾಸು ಕೊಟ್ಟವನ ಕಡೆ ಬೆರಳು ತೋರಿಸ್ತಾರೆ, ನೋಡಿದ್ದೀರಾ? ಅದನ್ನ ನಾನು ಬಹಳ ದಿನ ವಿನಯ ಅಂದುಕೊಂಡಿದ್ದೆ. ವಿನಯ ಅಂದರೆ ಇದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ. ಈಗ ಅನ್ನಿಸೋದು, ಅದು ಸಾಲ ತೀರಿಸೋದು. ತೀರಿಸದಿದ್ದರೆ ಸಾಲ ಸಾಲವಾಗೇ ಉಳಿಯುತ್ತೆ. ಅಂದರೆ ಕಾಣದ ಕೆಲಸವನ್ನ ಕಾಣಿಸೋ ಹೊಣೆ ಅದನ್ನ ಮಾಡಿದವನದ್ದಲ್ಲ, ಅದರಿಂದ ಮುಂದೆ ಬಂದವನದ್ದು.

ಬಿಸಿಲೆಗೆ ನೀವು ಪ್ರವಾಸ ಬಂದಿದ್ದರೆ ಮಂಕನಹಳ್ಳಿ ಹತ್ತಿರ ರಿಡ್ಜ್ ಪಾಯಿಂಟ್ ನೋಡಿರ್ತೀರಿ. ಏಣಿನ ಹಾಗಿರೋ ಒಂದು ದಿಬ್ಬ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಇನ್ನೊಂದು ಮಗ್ಗುಲಿನದು ಕುಮಾರಧಾರಾ ಸೇರಿ, ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ. ಪ್ರವಾಸಿಗರು ಅಲ್ಲಿ ಫೋಟೋ ತೆಗೆಸಿಕೊಳ್ತಾರೆ. ನಾವು ಹುಡುಗರಿದ್ದಾಗ ಅದನ್ನ ದಾಟಿ ದನ ಹೊಡ್ಕೊಂಡು ಹೋಗ್ತಿದ್ದೆವು, ಯಾವತ್ತೂ ತಿರುಗಿ ನೋಡಿರಲಿಲ್ಲ. ನೀರು ಎತ್ತ ಹೋಗಬೇಕು ಅಂತ ತೀರ್ಮಾನ ಆಗೋದು ಅಲ್ಲಿ. ಹೆಸರು ಬರೋದು ನದಿಗೆ, ಸಮುದ್ರಕ್ಕೆ. ಆದರೆ ದಿಬ್ಬಕ್ಕೆ ಬೇಜಾರಾಗೋಲ್ಲ, ಬಾಡಿಗೆ ಕಟ್ಟಬೇಕಿಲ್ಲ, ಮಕ್ಕಳ ಸ್ಕೂಲ್ ಫೀಸಿಲ್ಲ. ಮನುಷ್ಯನಿಗೆ ಇವೆಲ್ಲ ಇವೆ. ದಿಬ್ಬದ ಹಾಗೆ ಇರು ಅಂತ ಮನುಷ್ಯನಿಗೆ ಹೇಳೋದು ಅದಕ್ಕೇ ಅನ್ಯಾಯ.

ಭುಟಿಯಾಗೆ 1998ರಲ್ಲಿ ಅರ್ಜುನ ಪ್ರಶಸ್ತಿ, 2008ರಲ್ಲಿ ಪದ್ಮಶ್ರೀ ಬಂತು. ವಿಜಯನ್‌ಗೆ 2003ರಲ್ಲಿ ಅರ್ಜುನ, 2025ರಲ್ಲಿ ಪದ್ಮಶ್ರೀ. ಇಬ್ಬರೂ ಅದಕ್ಕೆ ಪೂರ್ತಿ ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಚಾಪ್ಮನ್ ಹೆಸರು ಅರ್ಜುನ ಪಟ್ಟಿಯಲ್ಲಿ ಇಲ್ಲ. ಅವರ ಜೊತೆ ಆಡಿದವರು ಅವರನ್ನ ಮರೆತರು ಅಂತ ನಾನು ಹೇಳೋದಿಲ್ಲ. ಸತ್ತ ದಿನ ಅವರ ಬಗ್ಗೆ ಮನಸ್ಸು ತುಂಬಿ ಮಾತಾಡಿದವರು ಅವರ ಜೊತೆಗಾರರೇ. ಸಾಕ್ಷಿಗಳು ಇದ್ದರು. ಸಾಕ್ಷಿಯನ್ನ ಕೇಳೋರು, ಪಟ್ಟಿ ಬರೆಯೋರು, ಅವರು ಬೇರೆಯವರಾಗಿದ್ದರು. ನನ್ನ ಆಫೀಸಿನ ಕಥೆಯಲ್ಲಿ ಹಾಗಲ್ಲ. ಅಲ್ಲಿ ಗೋಲು ಹೊಡೆದವನೂ ನಾನೇ, ಪಟ್ಟಿ ಬರೆದವನೂ ನಾನೇ. ನನಗೆ ನೆಪ ಇಲ್ಲ.

ಆಮೇಲೆ ಏನು ಮಾಡಿದೆ ಅಂತ ಕೇಳ್ತೀರಾ? ನವೆಂಬರ್ ಕೊನೆಗೆ ಮ್ಯಾನೇಜರ್‌ಗೆ ಒಂದು ಉದ್ದ ಮೇಲ್ ಬರೆದೆ. ನಾಲ್ಕು ರಿಹರ್ಸಲ್, ತಾರೀಖಿನ ತಪ್ಪು, ಓಡದ ಸ್ಕ್ರಿಪ್ಟು, ಎಲ್ಲ ಬರೆದೆ. 'ಈ ಕೆಲಸ ನಿಂತಿರೋದು ಅವನಿಂದ' ಅಂತ ಬರೆದೆ. ಉತ್ತರ ಬಂತು: ಒಳ್ಳೆಯದು, ಆದರೆ ಈ ವರ್ಷದ ರೇಟಿಂಗ್ ಮುಗಿದಿದೆ, ಮುಂದಿನ ಸಲ ನೋಡೋಣ. ಮುಂದಿನ ಸಲ ಬರೋದರೊಳಗೆ ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡ. ಕೊನೇ ದಿನ ಆ ಮೇಲಿನ ವಿಷಯ ಹೇಳಿದೆ. 'ಗೊತ್ತು, ಥ್ಯಾಂಕ್ಸ್' ಅಂದ. ಎಂದು ಬರೆದಿರಿ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು. ನನ್ನ ಪ್ರಮೋಷನ್ ಲೆಟರ್ ಕೈಗೆ ಬಂದಿದ್ದು ನವೆಂಬರ್ ಮಧ್ಯದಲ್ಲಿ. ಅದು ಬಂದ ಮೇಲೆ, ಹತ್ತು ದಿನ ಬಿಟ್ಟು ಬರೆದೆ. ಖರ್ಚಿಲ್ಲದ ಹೊತ್ತಲ್ಲಿ ತೋರಿಸಿದ ಬೆರಳು ಅದು. ಆಟ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಮೈದಾನದಲ್ಲಿ ತೋರಿಸಿದ ಹಾಗೆ.

ಈಗ ನನ್ನ ಟೀಮಿನಲ್ಲಿ ಹನ್ನೊಂದು ಜನ ಇದ್ದಾರೆ. ಅಪ್ರೈಸಲ್‌ಗೆ ಒಂದು ತಿಂಗಳ ಮುಂಚೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳ್ತೀನಿ: ಈ ವರ್ಷ ನಿನ್ನ ಒಳ್ಳೇ ಕೆಲಸಕ್ಕೆ ಪಾಸು ಕೊಟ್ಟವರು ಯಾರು? ಹೆಸರು ಹೇಳು, ಏನು ಮಾಡಿದರು ಹೇಳು. ಸಿಕ್ಕ ಹೆಸರನ್ನ ಅವರವರ ಫಾರ್ಮಿನಲ್ಲಿ ನಾನೇ ಬರೀತೀನಿ. ಆಶ್ಚರ್ಯ ಅಂದರೆ ಎಲ್ಲರಿಗೂ ಉತ್ತರ ಗೊತ್ತಿರುತ್ತೆ. ಯಾರೂ ಕೇಳಿರೋಲ್ಲ, ಅಷ್ಟೇ. ಇದರಿಂದ ಎಲ್ಲ ಸರಿಹೋಯಿತು ಅಂತ ಇಲ್ಲ. ಮೇಲಿನ ರೇಟಿಂಗ್ ಈಗಲೂ ಲೆಕ್ಕದಷ್ಟೇ, ಜಗಳವೂ ಇದ್ದೇ ಇದೆ. ಆದರೆ ಮೂರು ಸಾಲು ಬರೆದು ಸುಮ್ಮನಾಗೋ ಹುಡುಗನ ಹೆಸರು ಬೇರೆ ನಾಲ್ಕು ಜನರ ಬಾಯಲ್ಲಿ ಬಂದಾಗ, ಅದನ್ನ ಆಧಾರ ಅಲ್ಲ ಅನ್ನೋಕೆ ಯಾವ ಮ್ಯಾನೇಜರ್‌ಗೂ ಆಗೋಲ್ಲ.

ಆ ನಾಲ್ಕು ರಿಹರ್ಸಲ್ ಮಾಡಿದವನು ಈಗೆಲ್ಲೋ ಚೆನ್ನಾಗಿದ್ದಾನೆ ಅಂತ ಕೇಳಿದ್ದೇನೆ. ಇದನ್ನ ಓದಿದರೆ ತನ್ನದೇ ಕಥೆ ಅಂತ ಅವನಿಗೆ ಗೊತ್ತಾಗುತ್ತೆ. ಅವತ್ತು ಅವನು ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.